ದೀಪ ಆರುತ್ತದೆ, ಬ್ಯಾಟರಿ ತುಂಬುವುದಿಲ್ಲ: ಚನ್ನಗಿರಿ ಸೀಮೆಯ ಒಂದು ಮಿನಿ ಟ್ರ್ಯಾಕ್ಟರಿನ ಪ್ರಕರಣ ಅಧ್ಯಯನ

ಚನ್ನಗಿರಿಯಿಂದ ಸಂತೇಬೆನ್ನೂರಿನ ಕಡೆಗೆ ಹೋಗುವ ಹಾದಿಯ ಒಂದು ಹಳ್ಳಿಯಲ್ಲಿ ಆರು ಎಕರೆ ಅಡಿಕೆ ತೋಟವಿರುವ ರೈತರೊಬ್ಬರ ಮಿನಿ ಟ್ರ್ಯಾಕ್ಟರು ಐದು ತಿಂಗಳ ಕಾಲ ಬ್ಯಾಟರಿ ಇಳಿಯುವ ತೊಂದರೆಯಿಂದ ಅವರನ್ನು ಕಾಡಿತು. ಆ ಅವಧಿಯಲ್ಲಿ ಅದಕ್ಕೆ ಒಂದು ಹೊಸ ಬ್ಯಾಟರಿ, ಒಂದು ಹೊಸ ರೆಗ್ಯುಲೇಟರು ಮತ್ತು ಒಂದು ಹೊಸ ಬೆಲ್ಟು ಬಿದ್ದವು. ಮೂರರಿಂದಲೂ ಪ್ರಯೋಜನವಾಗಲಿಲ್ಲ. ಆ ಬೆಲ್ಟನ್ನು ಹಾಕಿಸಿದವನು ನಾನೇ ಆದ್ದರಿಂದ, ಈ ಪ್ರಕರಣವನ್ನು ಆರಂಭದಿಂದ, ನನ್ನ ಮೊದಲ ಭೇಟಿಯ ತಪ್ಪನ್ನೂ ಸೇರಿಸಿ ದಾಖಲಿಸುತ್ತಿದ್ದೇನೆ.

ಯಂತ್ರದ ವಿವರ ಇಷ್ಟು. ಮೂರು ಸಿಲಿಂಡರಿನ ಡೀಸೆಲ್ ಎಂಜಿನ್, ಸುಮಾರು 24 ಹೆಚ್‌ಪಿ, ನಾಲ್ಕು ಚಕ್ರಕ್ಕೂ ಚಾಲನೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರು ತಿರುಗಲಾರದು. ಹಾಗಾಗಿ ನಮ್ಮ ಕಡೆಯ ತೋಟಗಳಲ್ಲಿ ಈ ಗಾತ್ರದ ಯಂತ್ರಗಳಿಗೇ ಬೇಡಿಕೆ. 12 ವೋಲ್ಟಿನ 65 ಆಂಪಿಯರ್-ಅವರ್ ಬ್ಯಾಟರಿ ಇದೆ. ಅದನ್ನು ಚಾರ್ಜ್ ಮಾಡಲು 40 ಆಂಪಿಯರಿನ ಆಲ್ಟರ್ನೇಟರು ಇದೆ. ನಮ್ಮಲ್ಲಿ ರೈತರೂ ಮೆಕಾನಿಕ್ಕುಗಳೂ ಆಲ್ಟರ್ನೇಟರನ್ನು ಡೈನಮೋ ಎಂದೇ ಕರೆಯುವುದರಿಂದ ಇಲ್ಲಿಯೂ ಅದೇ ಹೆಸರನ್ನು ಬಳಸುತ್ತೇನೆ. ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರು ಡೈನಮೋದ ಒಳಗೇ ಕುಳಿತಿದೆ. ಹಿಂಬದಿಯ ದಪ್ಪ ತಂತಿ ಫ್ಯೂಸಿನ ಮೂಲಕ ಬ್ಯಾಟರಿಯ ಪ್ಲಸ್ಸಿಗೆ ಹೋಗುತ್ತದೆ. ಎರಡು ಪಿನ್ನಿನ ಸಣ್ಣ ಕಪ್ಲರಿನಲ್ಲಿ ಒಂದು ತಂತಿ ಕೀಯಿಂದ ಬರುತ್ತದೆ, ಇನ್ನೊಂದು ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ದೀಪಕ್ಕೆ ಹೋಗುತ್ತದೆ. ಮೈನಸ್ಸಿಗೆ ಪ್ರತ್ಯೇಕ ತಂತಿಯೇ ಇಲ್ಲ. ಡೈನಮೋದ ಮೈಯೇ ಮೈನಸ್ಸು; ಅದು ತನ್ನನ್ನು ಹಿಡಿದಿರುವ ಬ್ರಾಕೆಟ್ಟಿನ ಮೂಲಕ ಎಂಜಿನ್ನಿಗೂ, ಎಂಜಿನ್ನಿನಿಂದ ದಪ್ಪ ಅರ್ತಿಂಗ್ ಪಟ್ಟಿಯ ಮೂಲಕ ಬ್ಯಾಟರಿಗೂ ಸೇರುತ್ತದೆ.

ನಾನು ಮೊದಲು ಹೋದದ್ದು ನವೆಂಬರಿನಲ್ಲಿ, ಅಡಿಕೆ ಕೊಯ್ಲು ಭರದಲ್ಲಿದ್ದಾಗ. ಅವರು ತೋಟವನ್ನು ಚೇಣಿಗೆ ಕೊಡದೆ ತಾವೇ ಕೊಯ್ಲು ಮಾಡಿಸಿ, ಸುಲಿಸಿ, ಬೇಯಿಸಿ, ಒಣಗಿಸುವವರು. ಹಗಲೆಲ್ಲ ಗೊನೆ ಸಾಗಿಸಿದ ಟ್ರ್ಯಾಕ್ಟರನ್ನು ಸಂಜೆಯ ಮೇಲೆ ಸುಲಿಯುವ ಚಪ್ಪರದ ಮುಂದೆ ನಿಲ್ಲಿಸಿ, ಕರೆಂಟ್ ಹೋದಾಗ ಎಂಜಿನ್ ಚಾಲೂ ಇಟ್ಟು ಅದರ ಲೈಟಿನಲ್ಲೇ ಕೆಲಸ ಮುಂದುವರಿಸುತ್ತಿದ್ದರು. ಮರುದಿನ ಬೆಳಿಗ್ಗೆ ಸೆಲ್ಫ್ ಹೊಡೆದರೆ ಕಟ್ ಕಟ್ ಎಂಬ ಸದ್ದು ಬಿಟ್ಟರೆ ಮತ್ತೇನಿಲ್ಲ. ಪಕ್ಕದ ತೋಟದವರ ಗಾಡಿ ತರಿಸಿ ಬ್ಯಾಟರಿಗೆ ಬ್ಯಾಟರಿ ಜೋಡಿಸಿ ಚಾಲೂ ಮಾಡುವುದು ನಿತ್ಯದ ಕೆಲಸವಾಗಿತ್ತು.

ಈ ತೊಂದರೆಯ ಪೂರ್ವವೃತ್ತಾಂತದಲ್ಲಿ ಮೂರು ಸಂಗತಿಗಳಿದ್ದವು; ಅವರು ಹೇಳಿದ್ದು ಎರಡನ್ನು. ಆಗಸ್ಟಿನಲ್ಲಿ ಹಳೆಯ ಬ್ಯಾಟರಿ ಕೈಕೊಟ್ಟಿತು. ನಾಲ್ಕು ವರ್ಷದ್ದಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ, ಹೊಸದನ್ನು ತಂದರು. ಅಕ್ಟೋಬರಿನಲ್ಲಿ ಹೊಸದೂ ಇಳಿಯತೊಡಗಿದಾಗ ಡೈನಮೋ ಬಿಚ್ಚಿ ಪೇಟೆಯ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಒಯ್ದರು. ಅವರು ಬೆಂಚಿನ ಮೇಲೆ ತಿರುಗಿಸಿ ನೋಡಿ ಚೆನ್ನಾಗಿಯೇ ಇದೆಯೆಂದರೂ, ಇರಲಿ ಎಂದು ಹೊಸ ರೆಗ್ಯುಲೇಟರು ಹಾಕಿ ಕಳಿಸಿದರು. ಮೂರನೆಯ ಸಂಗತಿಯನ್ನು ಯಜಮಾನರು ದೋಷದ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲವಾದ್ದರಿಂದ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದು ಆಮೇಲೆ ಬರುತ್ತದೆ.

ನನ್ನ ಮೊದಲ ಭೇಟಿ ನಡುಮಧ್ಯಾಹ್ನ ನಡೆಯಿತು. ಎಂಜಿನ್ ಚಾಲೂ ಇತ್ತು, ಲೈಟುಗಳು ಆರಿದ್ದವು. ಬ್ಯಾಟರಿಯ ಎರಡು ಕಂಬಗಳಿಗೆ ಮಲ್ಟಿಮೀಟರ್ ಹಿಡಿದಾಗ 13.7 ವೋಲ್ಟ್ ತೋರಿಸಿತು. ಚಾರ್ಜ್ ಆಗುವಾಗ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. 13.7 ಅಂಚಿನ ಅಳತೆ. ಅಷ್ಟಕ್ಕೇ ದೋಷವೆಂದು ಹೇಳುವಂತಿಲ್ಲ, ಸರಿಯಿದೆಯೆಂದೂ ಹೇಳುವಂತಿಲ್ಲ. ಡೈನಮೋವನ್ನು ತಿರುಗಿಸುವ ಬೆಲ್ಟು ಸ್ವಲ್ಪ ಹೊಳಪುಗಟ್ಟಿತ್ತು, ಅದು ಜಾರುತ್ತಿರಬಹುದೆಂದು ತೀರ್ಮಾನಿಸಿ ಹೊಸದನ್ನು ಹಾಕಿ, ಬಿಗಿ ನೋಡಿ ಬಂದೆ. ಲೈಟು ಹಾಕಿಸಿ ಇನ್ನೊಮ್ಮೆ ಅಳೆಯಲು ಎರಡು ನಿಮಿಷ ಸಾಕಾಗಿತ್ತು. ಆ ಎರಡು ನಿಮಿಷವನ್ನು ಕೊಡದೆ ಹೋದದ್ದರಿಂದ ಅವರ ಕೊಯ್ಲಿನ ಇನ್ನೂ ಒಂಬತ್ತು ದಿನ ಹಾಳಾಯಿತು.

ಎರಡನೆಯ ಸಲ ಕರೆ ಬಂದಾಗ ಸಂಜೆಯೇ ಹೋದೆ. ಯಜಮಾನರು ಬೇಸರದಿಂದಲೇ ಕೇಳಿದರು: ‘ಕೀ ಹಾಕಿದ್ರೆ ಕೆಂಪು ಲೈಟ್ ಹತ್ತುತ್ತೆ, ಸ್ಟಾರ್ಟ್ ಆದ್ಮೇಲೆ ಆರೋಗುತ್ತೆ. ಚಾರ್ಜ್ ಆಗ್ತಾ ಐತೆ ಅಂತ ತಾನೆ ಅದರ ಅರ್ಥ? ಮತ್ತೆ ಎಲ್ಲಿಗೆ ಹೋಗ್ತಾ ಐತಪ್ಪಾ ಈ ಚಾರ್ಜು?’ ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ಅಗತ್ಯವೆನಿಸಿತು, ಏಕೆಂದರೆ ಈ ದೀಪವನ್ನು ನಂಬಿ ಮೋಸಹೋದವರನ್ನು ನಾನು ಬಹಳ ಕಂಡಿದ್ದೇನೆ. ಆ ದೀಪದ ಒಂದು ತುದಿಗೆ ಕೀಯ ಮೂಲಕ ಬ್ಯಾಟರಿಯ ವೋಲ್ಟೇಜ್ ಬರುತ್ತದೆ, ಇನ್ನೊಂದು ತುದಿ ಡೈನಮೋಗೆ ಸೇರಿದೆ. ಡೈನಮೋ ತಿರುಗದಿದ್ದಾಗ ಆ ತುದಿ ಮೈನಸ್ಸಿಗೆ ಸೇರಿದಂತಿರುವುದರಿಂದ ದೀಪ ಉರಿಯುತ್ತದೆ. ಡೈನಮೋ ವಿದ್ಯುತ್ ಹುಟ್ಟಿಸತೊಡಗಿದಾಗ ಎರಡೂ ತುದಿಯಲ್ಲಿ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ನಿಲ್ಲುತ್ತದೆ, ದೀಪ ಆರುತ್ತದೆ. ಅಂದರೆ ದೀಪ ಆರಿದ್ದು ಡೈನಮೋ ಹುಟ್ಟಿಸುತ್ತಿದೆ ಎಂಬುದಕ್ಕೆ ಸಾಕ್ಷಿ, ಬ್ಯಾಟರಿಗೆ ಮುಟ್ಟುತ್ತಿದೆ ಎಂಬುದಕ್ಕಲ್ಲ. ಬಾವಿಯಲ್ಲಿ ಮೋಟರ್ ಓಡುತ್ತಿದೆ ಎಂದ ಮಾತ್ರಕ್ಕೆ ತೋಟದ ಕೊನೆಯ ಸಾಲಿಗೆ ನೀರು ಬಂದಿದೆಯೆಂದು ಹೇಗೆ ಹೇಳುವುದು, ಯಜಮಾನ್ರೇ, ಎಂದೆ. ಅವರಿಗೆ ಕೂಡಲೇ ಅರ್ಥವಾಯಿತು.

ಅಳತೆ ಶುರುಮಾಡುವ ಮುನ್ನ ಅವರ ಮಗ ಬ್ಯಾಟರಿಯ ತಂತಿಗೆ ಕೈ ಹಾಕಿದ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರು ಕಳಚುವುದು, ಎಂಜಿನ್ ನಿಂತುಹೋದರೆ ಡೈನಮೋ ಕೆಟ್ಟಿದೆ, ಓಡಿದರೆ ಚೆನ್ನಾಗಿದೆ ಎನ್ನುವುದು ಎಲ್ಲ ಊರುಗಳಲ್ಲೂ ಚಾಲ್ತಿಯಲ್ಲಿರುವ ಪರೀಕ್ಷೆ. ನಾನು ತಡೆದೆ. ಡೀಸೆಲ್ ಎಂಜಿನ್ನಿಗೆ ಓಡಲು ಕಿಡಿಯೇ ಬೇಡವಾದ್ದರಿಂದ ಅದು ಓಡಿದರೂ ನಿಂತರೂ ಡೈನಮೋದ ಬಗ್ಗೆ ಖಚಿತವಾಗಿ ಏನೂ ತಿಳಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಬ್ಯಾಟರಿ ಎಂಬ ಆಧಾರ ತಪ್ಪಿದ ಕ್ಷಣದಲ್ಲಿ ಡೈನಮೋದ ವೋಲ್ಟೇಜ್ ಥಟ್ಟನೆ ಹಲವು ಪಟ್ಟು ಏರಿ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಅದರ ಡಯೋಡುಗಳನ್ನೂ ರೆಗ್ಯುಲೇಟರನ್ನೂ ಸುಡಬಹುದು. ಚೆನ್ನಾಗಿರುವ ಭಾಗವನ್ನು ಪರೀಕ್ಷೆಯೇ ಕೊಲ್ಲುತ್ತದೆ. ಈ ಅಭ್ಯಾಸ ನಮ್ಮ ಗ್ಯಾರೇಜುಗಳಿಂದ ತೊಲಗಲೇಬೇಕು.

ಎಂಜಿನ್ ನಿಲ್ಲಿಸಿದ್ದಾಗ ಬ್ಯಾಟರಿಯಲ್ಲಿ 12.1 ವೋಲ್ಟ್ ಇತ್ತು. ಪೂರ್ತಿ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6ಕ್ಕಿಂತ ಮೇಲೆ ನಿಲ್ಲಬೇಕು, 12.1 ಎಂದರೆ ಅರ್ಧಕ್ಕಿಂತ ಕೆಳಗೆ ಇಳಿದಿದೆ ಎಂದರ್ಥ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಆರೂ ಸೆಲ್ಲುಗಳು 1.180ರ ಆಸುಪಾಸಿನಲ್ಲಿದ್ದವು. ಒಂದು ಸೆಲ್ ಮಾತ್ರ ಸತ್ತಿದ್ದರೆ ಬ್ಯಾಟರಿಯನ್ನು ದೂರಬಹುದಿತ್ತು. ಆರೂ ಒಟ್ಟಿಗೆ ಇಳಿದಿರುವಾಗ ಅದಕ್ಕೆ ಉಣಿಸುವುದರಲ್ಲೇ ಕೊರತೆಯಿದೆ. ಪಕ್ಕದ ಗಾಡಿಯಿಂದ ಚಾಲೂ ಮಾಡಿ, ವೇಗವನ್ನು 1800 ಆರ್‌ಪಿಎಂಗೆ ಏರಿಸಿ, ಈ ಸಲ ಮುಂದಿನ ಎರಡು ಹೆಡ್‌ಲೈಟು ಮತ್ತು ಹಿಂದಿನ ಕೆಲಸದ ಲೈಟನ್ನು ಹಾಕಿಸಿದೆ. ಮೂರೂ 55 ವ್ಯಾಟಿನವು. ಅವುಗಳಿಗೇ ಸುಮಾರು 13.5 ಆಂಪಿಯರ್ ಬೇಕು, ಉಳಿದ ಸಣ್ಣಪುಟ್ಟವು ಸೇರಿ 15.

ಮೀಟರಿನ ಕೆಂಪು ಕಡ್ಡಿಯನ್ನು ಡೈನಮೋದ ಹಿಂಬದಿಯ ದಪ್ಪ ಬೋಲ್ಟಿಗೂ ಕಪ್ಪು ಕಡ್ಡಿಯನ್ನು ಅದರದೇ ಅಲ್ಯೂಮಿನಿಯಂ ಮೈಗೂ ಹಿಡಿದೆ: 14.3 ವೋಲ್ಟ್. ಆರೋಗ್ಯವಂತ ಡೈನಮೋದ ಅಳತೆ. ಅದೇ ಜಾಗದಲ್ಲಿ ಮೀಟರನ್ನು ಎಸಿ (ದಿಕ್ಕು ಬದಲಿಸುವ ವಿದ್ಯುತ್) ಅಳತೆಗೆ ತಿರುಗಿಸಿದಾಗ 0.05 ವೋಲ್ಟ್ ಕೂಡ ದಾಟಲಿಲ್ಲ; ಡಯೋಡ್ ಹೋಗಿದ್ದರೆ ಇಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣುತ್ತಿತ್ತು. ಡೈನಮೋದ ದಪ್ಪ ತಂತಿಯ ಸುತ್ತ ಕ್ಲ್ಯಾಂಪ್ ಮೀಟರು ಹಿಡಿದಾಗ 17 ಆಂಪಿಯರ್ ಹರಿಯುತ್ತಿರುವುದು ಕಂಡಿತು. ಬಳಿಕ ಬ್ಯಾಟರಿಯ ಕಂಬಗಳ ಮೇಲೆ ವೋಲ್ಟೇಜ್ ಅಳೆದೆ: 12.8. ಒಂದೇ ಟ್ರ್ಯಾಕ್ಟರಿನಲ್ಲಿ, ಒಂದೇ ಹೊತ್ತಿನಲ್ಲಿ, ಎರಡು ಅಡಿ ದೂರದೊಳಗೆ ಒಂದೂವರೆ ವೋಲ್ಟ್ ಕಾಣೆಯಾಗಿತ್ತು.

ಇಲ್ಲಿಂದ ಮುಂದಿನದೇ ಈ ಪ್ರಕರಣದ ತಿರುಳು. ಕಾಣೆಯಾದ ವೋಲ್ಟನ್ನು ಹುಡುಕಲು ಭಾಗಗಳನ್ನು ಬಿಚ್ಚಬೇಕಿಲ್ಲ, ಮೀಟರಿನ ಎರಡು ಕಡ್ಡಿಗಳನ್ನು ಒಂದೇ ದಾರಿಯ ಎರಡು ತುದಿಗೆ ಇಟ್ಟರೆ ಸಾಕು. ಪ್ಲಸ್ ದಾರಿಯಲ್ಲಿ, ಅಂದರೆ ಡೈನಮೋದ ಬೋಲ್ಟಿನಿಂದ ಬ್ಯಾಟರಿಯ ಪ್ಲಸ್ ಕಂಬಕ್ಕೆ, 0.2 ವೋಲ್ಟ್ ಬಂತು. ಅದು ಒಪ್ಪಬಹುದಾದ ನಷ್ಟ. ಮೈನಸ್ ದಾರಿಯಲ್ಲಿ, ಡೈನಮೋದ ಮೈಯಿಂದ ಬ್ಯಾಟರಿಯ ಮೈನಸ್ ಕಂಬಕ್ಕೆ, 1.3 ವೋಲ್ಟ್ ಬಂತು. ಈ ದಾರಿಯಲ್ಲಿ 0.2 ದಾಟಿದರೇ ಅನುಮಾನಿಸಬೇಕು.

ಮೈನಸ್ ದಾರಿ ಕೆಟ್ಟಿದೆ ಎಂದ ಕೂಡಲೇ ಎಲ್ಲರ ಕೈಯೂ ಬ್ಯಾಟರಿಯಿಂದ ಚಾಸಿಗೆ ಬರುವ ಅರ್ತಿಂಗ್ ಪಟ್ಟಿಗೆ ಹೋಗುತ್ತದೆ. ನಾನು ಅದನ್ನು ಮುಟ್ಟಲಿಲ್ಲ. ಸೆಲ್ಫ್ ಹೊಡೆದಾಗ ನೂರಕ್ಕೂ ಹೆಚ್ಚು ಆಂಪಿಯರ್ ಹರಿಯುವುದು ಅದೇ ಪಟ್ಟಿಯಲ್ಲಿ. ಕೇವಲ 17 ಆಂಪಿಯರಿಗೆ 1.3 ವೋಲ್ಟ್ ನುಂಗುವ ಪಟ್ಟಿಯಾಗಿದ್ದರೆ, ಪಕ್ಕದ ಗಾಡಿಯ ಪ್ಲಸ್ ಮೈನಸ್ ಎರಡನ್ನೂ ಈ ಬ್ಯಾಟರಿಯ ಕಂಬಗಳಿಗೇ ಜೋಡಿಸಿದರೂ ಸೆಲ್ಫ್ ತಿರುಗುತ್ತಲೇ ಇರಲಿಲ್ಲ. ಆದರೆ ಹಾಗೆ ಜೋಡಿಸಿದಾಗಲೆಲ್ಲ ಅದು ಸರಾಗವಾಗಿ ತಿರುಗುತ್ತಿತ್ತು. ಖಚಿತಪಡಿಸಿಕೊಳ್ಳಲು ಸೆಲ್ಫ್ ಹೊಡೆಯುವಾಗಲೇ ಎಂಜಿನ್ ಬ್ಲಾಕಿನಿಂದ ಬ್ಯಾಟರಿ ಮೈನಸ್ಸಿಗೆ ಅಳೆದಾಗ 0.15 ವೋಲ್ಟ್ ಮಾತ್ರ ಬಂತು. ಹಾಗಾದರೆ ಎಂಜಿನ್ನಿನಿಂದ ಬ್ಯಾಟರಿವರೆಗಿನ ದಾರಿ ಶುದ್ಧವಾಗಿದೆ. ಕೆಟ್ಟಿರುವುದು ಡೈನಮೋಗೂ ಎಂಜಿನ್ನಿಗೂ ನಡುವೆ. ಅಲ್ಲಿರುವುದು ಬ್ರಾಕೆಟ್ಟು ಮತ್ತು ಬೆಲ್ಟು ಬಿಗಿಮಾಡುವ ಸೀಳುಪಟ್ಟಿ, ಎರಡೇ.

ಟಾರ್ಚ್ ಬಿಟ್ಟು ನೋಡಿದೆ. ಬ್ರಾಕೆಟ್ಟು ಕಂಪನಿಯದಾಗಿರಲಿಲ್ಲ. ಹತ್ತು ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯಿಂದ ಮಾಡಿ, ಬೆಸುಗೆ ಹಾಕಿ, ಕಪ್ಪು ಎನಾಮೆಲ್ ಬಣ್ಣವನ್ನು ಎರಡು ಕೈ ಬಳಿದ ಗಟ್ಟಿಮುಟ್ಟಾದ ಕೆಲಸ. ಡೈನಮೋದ ಕಿವಿ ಕೂರುವ ಜಾಗದಲ್ಲಿ ವಾಷರಿನ ಸುತ್ತ ಆ ಬಣ್ಣ ರಾಗಿ ಕಾಳಿನಷ್ಟು ಸಣ್ಣ ಗುಳ್ಳೆಗಳಾಗಿ ಎದ್ದು, ಅಂಚಿನಲ್ಲಿ ಕಂದು ತಿರುಗಿತ್ತು. ಉಗುರಿನಿಂದ ಕೆರೆದರೆ ಪುಡಿಯಾಯಿತು. 17 ಆಂಪಿಯರ್ ಹರಿಯುವ ಕಡೆ 1.3 ವೋಲ್ಟ್ ನಷ್ಟವಾದರೆ ಅಲ್ಲಿ 22 ವ್ಯಾಟ್ ಶಾಖ ಹುಟ್ಟುತ್ತದೆ. ಅಷ್ಟು ಶಾಖ ಬೋಲ್ಟಿನ ಸುತ್ತಲಿನ ಒಂದಂಗುಲ ಜಾಗದಲ್ಲಿ ದಿನವೂ ಬೇಯುತ್ತಿತ್ತು.

‘ಇದನ್ನ ಯಾವಾಗ ಮಾಡ್ಸಿದ್ರಿ, ಯಜಮಾನ್ರೇ?’ ಎಂದಾಗ ಮೂರನೆಯ ಸಂಗತಿ ಹೊರಬಿತ್ತು. ಜೂನಿನಲ್ಲಿ ರೋಟವೇಟರ್ ಹೊಡೆಯುವಾಗ ನಡುಕಕ್ಕೆ ಹಳೆಯ ಬ್ರಾಕೆಟ್ಟು ಮುರಿದಿತ್ತು. ಬಿಡಿಭಾಗ ಬರಲು ವಾರವಾಗುತ್ತದೆ ಎಂದದ್ದಕ್ಕೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದರು. ಬಣ್ಣ ಬಳಿದವರು ತುಕ್ಕು ಹಿಡಿಯಬಾರದೆಂಬ ಕಾಳಜಿಯಿಂದ ಎಂಜಿನ್ನಿಗೆ ತಾಗುವ ಮುಖ, ಡೈನಮೋಗೆ ತಾಗುವ ಮುಖ, ತೂತಿನ ಒಳಮೈ, ಯಾವುದನ್ನೂ ಬಿಟ್ಟಿರಲಿಲ್ಲ. ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ. ಬೋಲ್ಟಿನ ಮರೆಗಳು (ಥ್ರೆಡ್ಡುಗಳು) ಅಲ್ಲಲ್ಲಿ ಬಣ್ಣವನ್ನು ಕೊರೆದು ಲೋಹಕ್ಕೆ ತಾಗಿದ್ದರಿಂದ ದಾರಿ ಪೂರ್ತಿ ಕಡಿದುಹೋಗದೆ ಕಿರಿದಾಗಿ ಉಳಿದಿತ್ತು. ಪೂರ್ತಿ ಕಡಿದಿದ್ದರೆ ಎಲ್ಲರೂ ಮೊದಲ ದಿನವೇ ಕಂಡುಹಿಡಿಯುತ್ತಿದ್ದರು.

ಹಿಂದಿನ ಎಲ್ಲ ಗೊಂದಲವೂ ಇದರಿಂದ ತಿಳಿಯಾಯಿತು. ಈ ಬಗೆಯ ಡೈನಮೋದ ರೆಗ್ಯುಲೇಟರು ತನ್ನದೇ ಮೈಯ ಮೇಲಿನ ವೋಲ್ಟೇಜನ್ನು ಅಳೆದುಕೊಂಡು 14.3 ಮುಟ್ಟಿದ ಕೂಡಲೇ ತೃಪ್ತವಾಗುತ್ತದೆ. ಬ್ಯಾಟರಿಯಲ್ಲಿ ಎಷ್ಟಿದೆಯೆಂದು ಅದು ನೋಡುವುದಿಲ್ಲ. ಬೆಂಚಿನ ಮೇಲೆ ಡೈನಮೋದ ಬರಿಮೈಗೆ ಕ್ಲಿಪ್ ಹಾಕಿ ತಿರುಗಿಸಿದ್ದರಿಂದ ಅಲ್ಲಿ ದೋಷ ಕಾಣುವಂತೆಯೇ ಇರಲಿಲ್ಲ, ದೋಷವಿದ್ದ ಬ್ರಾಕೆಟ್ಟು ಟ್ರ್ಯಾಕ್ಟರಿನಲ್ಲೇ ಉಳಿದಿತ್ತು. ನನ್ನ ಮಧ್ಯಾಹ್ನದ 13.7 ಕೂಡ ಲೆಕ್ಕಕ್ಕೆ ಸರಿಹೊಂದುತ್ತದೆ: ಲೈಟಿಲ್ಲದಾಗ ಆರೇಳು ಆಂಪಿಯರ್ ಮಾತ್ರ ಹರಿಯುತ್ತಿತ್ತು, ನಷ್ಟವೂ ಅರ್ಧ ವೋಲ್ಟಿನಷ್ಟೇ ಇತ್ತು. ಕಿರಿದಾದ ಕಾಲುವೆ ಕಡಿಮೆ ನೀರು ಬಿಟ್ಟಾಗ ತನ್ನ ದೋಷ ತೋರಿಸುವುದಿಲ್ಲ.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಇಷ್ಟು ಮಾತ್ರವಾಗಿದ್ದರೆ ಹಗಲೆಲ್ಲ ಲೈಟಿಲ್ಲದೆ ದುಡಿಯುವ ಯಂತ್ರದ ಬ್ಯಾಟರಿ ಮಂದವಾಗಿಯಾದರೂ ತುಂಬಿಕೊಳ್ಳಬೇಕಿತ್ತು. ಮೂರು ದಿನ ಸುಮ್ಮನೆ ನಿಲ್ಲಿಸಿದರೂ ಇಳಿಯುತ್ತದೆ ಎಂದು ಯಜಮಾನರು ಹೇಳಿದ್ದಕ್ಕೆ ಬಣ್ಣದಲ್ಲಿ ಉತ್ತರವಿರಲಿಲ್ಲ. ಕೀ ತೆಗೆದು, ಬ್ಯಾಟರಿಯ ಮೈನಸ್ ತಂತಿ ಕಳಚಿ, ತಂತಿಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರಿನ ತೂತಿನಲ್ಲಿ ಜೋಡಿಸಿದೆ. ಎಲ್ಲವೂ ಆರಿರುವಾಗ 0.35 ಆಂಪಿಯರ್ ಸೋರುತ್ತಿತ್ತು. ಫ್ಯೂಸುಗಳನ್ನು ಒಂದೊಂದಾಗಿ ಎಳೆದರೂ ಅಂಕಿ ಕದಲಲಿಲ್ಲ. ಅಂದರೆ ಸೋರಿಕೆ ಫ್ಯೂಸ್ ಪೆಟ್ಟಿಗೆಯನ್ನು ದಾಟದೆ ನೇರವಾಗಿ ಬ್ಯಾಟರಿಯಿಂದಲೇ ಹೊರಟಿದೆ.

ಪ್ಲಸ್ ಕಂಬದಲ್ಲಿ ಹೆಚ್ಚುವರಿಯಾಗಿ ಸಿಕ್ಕಿಸಿದ್ದ ಒಂದು ಕೆಂಪು ತಂತಿ ಸೀಟಿನ ಕೆಳಗಿನ ಆಂಪ್ಲಿಫೈಯರಿಗೆ ಹೋಗಿತ್ತು. ಮಗ ಹಿಂದಿನ ವರ್ಷ ಹಾಕಿಸಿದ ಹಾಡಿನ ಸೆಟ್ಟು. ‘ನಾನು ದಿನಾ ಆಫ್ ಮಾಡೇ ಇಳಿಯೋದು ಅಣ್ಣಾ’ ಎಂದ ಅವನ ಮಾತು ನಿಜವೇ ಆಗಿತ್ತು. ಅವನು ಆಫ್ ಮಾಡುತ್ತಿದ್ದುದು ಮುಂದಿನ ಸೆಟ್ಟನ್ನು. ಆಂಪ್ಲಿಫೈಯರನ್ನು ಎಬ್ಬಿಸುವ ಮತ್ತು ಮಲಗಿಸುವ ತೆಳು ನೀಲಿ ತಂತಿ ಸೆಟ್ಟಿನಿಂದ ಬರಬೇಕು. ಇಲ್ಲಿ ಅದನ್ನು ಅದೇ ಕೆಂಪು ತಂತಿಗೆ ಸುತ್ತಿ ಟೇಪು ಹಚ್ಚಿದ್ದರು. ಆಂಪ್ಲಿಫೈಯರು ಹಗಲೂ ರಾತ್ರಿ ಎಚ್ಚರವಿತ್ತು. ಅದರ ಫ್ಯೂಸ್ ತೆಗೆದಾಗ ಮೀಟರು 0.01ಕ್ಕಿಂತ ಕೆಳಗಿಳಿಯಿತು. 0.35 ಆಂಪಿಯರ್ ಸಣ್ಣದೆನಿಸಬಹುದು, ದಿನಕ್ಕೆ 8.4 ಆಂಪಿಯರ್-ಅವರ್ ಆಗುತ್ತದೆ, ಐದು ದಿನ ಯಂತ್ರ ನಿಂತರೆ 42. ಇದು 65ರ ಬ್ಯಾಟರಿ.

ಒಂದು ವರ್ಷದಿಂದ ಸೋರುತ್ತಿದ್ದರೂ ಜೂನ್‌ವರೆಗೆ ಯಾರಿಗೂ ತಿಳಿಯದೇ ಹೋದದ್ದು ಏಕೆಂದರೆ, ರಾತ್ರಿ ಸೋರಿದ್ದನ್ನು ಹಗಲಿನಲ್ಲಿ ಡೈನಮೋ ತುಂಬಿಕೊಡುತ್ತಿತ್ತು. ಬಣ್ಣದ ಬ್ರಾಕೆಟ್ಟು ಬಂದ ಮೇಲೆ ತುಂಬುವ ಶಕ್ತಿ ಕುಂದಿತು, ಸೋರಿಕೆ ಗೆದ್ದಿತು. ಎರಡರಲ್ಲಿ ಯಾವುದೊಂದು ಒಂಟಿಯಾಗಿದ್ದರೂ ಇಷ್ಟು ಕಾಡುತ್ತಿರಲಿಲ್ಲ. ಆಗಸ್ಟಿನಲ್ಲಿ ಎಸೆದ ಹಳೆಯ ಬ್ಯಾಟರಿಯೂ ಬಹುಶಃ ಇನ್ನೊಂದು ವರ್ಷ ಬಾಳುತ್ತಿತ್ತು. ಐದಾರು ಸಾವಿರ ರೂಪಾಯಿಯ ಆ ಖರ್ಚು ನನಗೆ ಇಂದಿಗೂ ನೋವಿನ ವಿಷಯ.

ದುರಸ್ತಿಗೆ ಮರುದಿನ ಬೆಳಿಗ್ಗೆ ಎರಡು ಗಂಟೆ ಹಿಡಿಯಿತು. ಬ್ಯಾಟರಿಯ ಮೈನಸ್ ಕಳಚಿಟ್ಟು, ಡೈನಮೋ ಮತ್ತು ಬ್ರಾಕೆಟ್ಟನ್ನು ಬಿಚ್ಚಿ, ತಾಗುವ ಮುಖಗಳನ್ನೆಲ್ಲ ಅರ ಹಾಕಿ ಬೆಳ್ಳಗೆ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಹಲ್ಲುಳ್ಳ ವಾಷರ್ ಕೊಟ್ಟು ಬಿಗಿದೆ. ಜೋಡಿಸಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿದೆ. ತೋಟದ ತೇವದಲ್ಲಿ ಬರಿ ಲೋಹವನ್ನು ಹಾಗೇ ಬಿಡುವಂತಿಲ್ಲ. ಜೊತೆಗೆ ಡೈನಮೋದ ಮೈಯಿಂದ ಎಂಜಿನ್ ಬ್ಲಾಕಿಗೆ 6 ಚದರ ಮಿಲಿಮೀಟರಿನ ಒಂದು ಪ್ರತ್ಯೇಕ ಅರ್ತಿಂಗ್ ತಂತಿಯನ್ನೂ ಲಗ್ ಒತ್ತಿ ಹಾಕಿದೆ. ಕಂಪನಿ ಇದನ್ನು ಕೊಟ್ಟಿಲ್ಲ, ಆದರೆ ಬ್ರಾಕೆಟ್ಟು ಬದಲಾದ ಯಂತ್ರಕ್ಕೆ ಇದು ಬೇಕೆಂಬುದು ನನ್ನ ಅಭಿಪ್ರಾಯ. ಆಂಪ್ಲಿಫೈಯರಿನ ಕೆಂಪು ತಂತಿಗೆ ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸು, ಮುಂದೆ ಕೀಯಿಂದ ನಡೆಯುವ ರಿಲೇ ಕೊಟ್ಟು, ನೀಲಿ ತಂತಿಯನ್ನು ಸೆಟ್ಟಿನ ಹಿಂದಿನ ಅದರ ಜಾಗಕ್ಕೆ ಸೇರಿಸಿದೆ. ಬ್ಯಾಟರಿಯನ್ನು ಹೊರಗೆ ತೆಗೆದು 5 ಆಂಪಿಯರಿನಲ್ಲಿ ಹತ್ತು ಗಂಟೆ ನಿಧಾನವಾಗಿ ಚಾರ್ಜ್ ಮಾಡಲಾಯಿತು. ಬಹುಕಾಲ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತಿರುತ್ತದೆ, ಅವಸರದ ಚಾರ್ಜಿಂಗಿಗೆ ಅದು ಕರಗುವುದಿಲ್ಲ.

ಚಾರ್ಜಿಗೆ ಒಯ್ಯುವ ಮುನ್ನವೇ, ಇಳಿದ ಬ್ಯಾಟರಿಯನ್ನಿಟ್ಟುಕೊಂಡು, ಅದೇ 1800 ಆರ್‌ಪಿಎಂ, ಅದೇ ಮೂರು ಲೈಟುಗಳಲ್ಲಿ ಮತ್ತೆ ಅಳೆದಿದ್ದೆ. ಡೈನಮೋದ ಮೇಲೆ 14.3, ಬ್ಯಾಟರಿಯ ಮೇಲೆ 13.9. ಮೈನಸ್ ದಾರಿಯ ನಷ್ಟ 1.3ರಿಂದ 0.05ಕ್ಕೆ ಇಳಿದಿತ್ತು. ಪ್ಲಸ್ ದಾರಿಯದು ಮಾತ್ರ 0.2ರಿಂದ 0.3ಕ್ಕೆ ಏರಿದ್ದನ್ನು ಕಂಡು ಮಗ ಗಾಬರಿಯಾದ. ಅದು ಒಳ್ಳೆಯ ಸುದ್ದಿಯೇ: ಕ್ಲ್ಯಾಂಪ್ ಮೀಟರಿನಲ್ಲಿ ಹಿಂದಿನ ದಿನ 17 ಇದ್ದ ಆಂಪಿಯರ್ ಈಗ 25 ಆಗಿತ್ತು. ಲೈಟುಗಳಿಗೆ 15 ಹೋಗಿ ಹಸಿದ ಬ್ಯಾಟರಿಗೆ 10 ಇಳಿಯುತ್ತಿತ್ತು. ಹಿಂದಿನ ಸಂಜೆ ಅದಕ್ಕೆ ದಕ್ಕಿದ್ದು ಎರಡೇ.

ಚಪ್ಪರದ ಮುಂದೆ ಎಂಜಿನ್ನನ್ನು ಐಡ್ಲಿಂಗಿನಲ್ಲಿಟ್ಟು ಮೂರೂ ಲೈಟು ಉರಿಸುವುದನ್ನು ಬಿಡಲು ಹೇಳಿದೆ. ಆ ನಿಧಾನಗತಿಯಲ್ಲಿ ಡೈನಮೋ ತನ್ನ ಪೂರ್ಣ ಸಾಮರ್ಥ್ಯ ಕೊಡಲಾರದು. ಹಿಂದಿನ ಲೈಟಿನ ಜಾಗಕ್ಕೆ 18 ವ್ಯಾಟಿನ ಎಲ್‌ಇಡಿ ಹಾಕಿಸಿಕೊಂಡು, ಹೆಡ್‌ಲೈಟು ಆರಿಸಿ ಅದೊಂದರಲ್ಲೇ ಸುಲಿಯುವ ಕೆಲಸ ಸಾಗಿಸಿದರು.

ಮೂರು ವಾರದ ಬಳಿಕ ಕೊಯ್ಲಿನ ಒಂದು ಸುತ್ತು ಮುಗಿದು ಟ್ರ್ಯಾಕ್ಟರು ಆರು ದಿನ ನಿಂತಿದ್ದಾಗ ಹೇಳಿ ಹೋಗಿ ನೋಡಿದೆ. ಬ್ಯಾಟರಿಯಲ್ಲಿ 12.6 ವೋಲ್ಟ್ ಇತ್ತು. ಯಜಮಾನರು ತಾವೇ ಹತ್ತಿ ಕೂತು ಸೆಲ್ಫ್ ಹೊಡೆದರು, ಮೊದಲ ಸುತ್ತಿಗೇ ಎಂಜಿನ್ ಹಿಡಿಯಿತು. ಐದು ಸೆಲ್ಲುಗಳಲ್ಲಿ ಸಾಂದ್ರತೆ 1.260ಕ್ಕೆ ಬಂದಿದೆ, ಮೈನಸ್ ಕಡೆಯಿಂದ ಎರಡನೆಯದು 1.235ರಲ್ಲಿ ನಿಂತಿದೆ. ಅದು ಮೇಲೆ ಬರುವುದೋ, ಆಗಸ್ಟಿನಿಂದ ಅನುಭವಿಸಿದ ಹಸಿವಿನಲ್ಲಿ ಖಾಯಂ ಆಗಿ ಕುಗ್ಗಿತೋ ಎಂಬುದು ಬೇಸಿಗೆಯ ಹೊತ್ತಿಗೆ ತಿಳಿಯಬೇಕು. ತಿಂಗಳಿಗೊಮ್ಮೆ ಆ ಸೆಲ್ಲಿನ ಅಳತೆ ಬರೆದಿಡಲು ಹೈಡ್ರೋಮೀಟರನ್ನು ಮಗನ ಕೈಗೆ ಕೊಟ್ಟು ಬಂದಿದ್ದೇನೆ.